ಆಯಿಯ ರಬ್ಬರ್ ಬಳೆ

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರ್ನಾಲ್ಕು ತಿಂಗಳು ಯೋಚನೆ ಮಾಡಿದೆ. ಮನೆಯ ಹೆಂಗಸರ ಒಳಗಿನ ಕಾಯಿಲೆಯನ್ನು ಹೀಗೆ ಎಲ್ಲರ ಮುಂದೆ ಹೇಳೋದು ಸರಿಯಾ ಅಂತ. ಕೊನೆಗೆ ಆಯಿಯನ್ನೇ ಕೇಳಿದೆ. "ಬರಿ. ಹೆಸರು ಹಾಕಬ್ಯಾಡ. ಕೊಳಾರದಾಗ ನಾ ಒಬ್ಬಾಕಿನೇ ಏನು ಮುದುಕಿ" ಅಂದಳು.

(ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ, ಅಮ್ಮನಿಗೆ ಅವ್ವ.)

ನಮ್ಮೂರು ಕೊಳಾರ. ಬೀದರಿಗೆ ಆಟೋದಲ್ಲಿ ಹೋಗಿ ಬರುವಷ್ಟು ಹತ್ತಿರ. ಬೆಂಗಳೂರಿನಲ್ಲಿ ಊರ ಹೆಸರು ಹೇಳಿದರೆ ಕೋಲಾರ ಅಂದುಕೊಂಡು ಚಿನ್ನದ ಗಣಿ ಬಗ್ಗೆ ಕೇಳ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ :) ನಮ್ಮಲ್ಲಿರೋದು ಕೆಂಪು ಮಣ್ಣು, ತೊಗರಿ, ಸೋಯಾ, ಮತ್ತೆ ಕೈಗಾರಿಕಾ ಪ್ರದೇಶದ ಚಿಮಣಿಗಳು. ಅಲ್ಲಿನ ಕೆಲವು ಕಾರ್ಖಾನೆಗಳು ಔಷಧಿಗೆ ಬೇಕಾದ ರಾಸಾಯನಿಕ ತಯಾರಿಸುವಂಥವು. ಊರ ಪಕ್ಕದಲ್ಲೇ ಔಷಧಿ ತಯಾರಾಗುತ್ತೆ, ನಮ್ಮ ಆಯಿ ಐವತ್ತು ವರ್ಷ ಒಂದು ಕಾಯಿಲೆಯನ್ನು ಸೀರೆಯೊಳಗೆ ಕಟ್ಟಿಕೊಂಡು ಓಡಾಡಿದಳು.

ನನಗೆ ಅದು ಗೊತ್ತಾಗಿದ್ದು ಎಳ್ಳ ಅಮಾವಾಸ್ಯೆ ದಿನ. ಬೀದರ, ಕಲಬುರಗಿ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ. ಆ ದಿನ ಊರಲ್ಲಿ ಯಾರೂ ಇರೋದಿಲ್ಲ, ಎಲ್ಲರೂ ಹೊಲದಲ್ಲಿ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣೋದು. ಭಜ್ಜಿಗೆ ಯಾವ ಕಾಳು ಎಷ್ಟು ಅನ್ನೋದು ಆಯಿಗೇ ಗೊತ್ತು. ಅವಳಿಲ್ಲದ ಎಳ್ಳ ಅಮಾವಾಸ್ಯೆ ನನಗೆ ನೆನಪೇ ಇಲ್ಲ. ಆ ಸಲ ಮಾತ್ರ "ನೀವು ಹೋಗ್ರಿ, ನನ್ನ ಮೊಳಕಾಲು ನೋಯ್ಲತ್ತಾವ" ಅಂತ ಮನೆಯಲ್ಲೇ ಉಳಿದಳು.

ಮೊಳಕಾಲು ಅಂದರೆ ಯಾರೂ ಮುಂದೆ ಕೇಳೋದಿಲ್ಲ ನೋಡಿ. ಮುದುಕಿಯರಿಗೆ ಮೊಳಕಾಲು ನೋಯಲೇಬೇಕು ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ.

ಅದಕ್ಕೆ ಎರಡು ದಿನ ಮೊದಲು ನಾನೊಂದು ಮಾತು ಆಡಿದ್ದೆ. ಆಯಿಯ ಹೊರಸಿನ ಹತ್ತಿರ ಉಚ್ಚಿ ವಾಸನೆ ಬರ್ತದೆ, ಬಂದವರು ಏನಂದುಕೊಳ್ಳಬೇಕು, ಒಂದು ಡೈಪರ್ ಆದರೂ ತಂದು ಹಾಕಬಾರದಾ ಅಂತ ಅವ್ವನ ಹತ್ತಿರ ಗೊಣಗಿದ್ದೆ. ಆಯಿಗೆ ಕಿವಿ ಮಂದ ಅಂತ ನಮ್ಮ ನಂಬಿಕೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವಳ ಹೊರಸು ಪಡಸಾಲೆಯಲ್ಲಿರಲಿಲ್ಲ. ಕೊಟ್ಟಿಗೆ ಪಕ್ಕದ ಕೋಣೆಗೆ ರಾತ್ರಿಯೇ ತಾನೇ ಎಳೆದುಕೊಂಡು ಹೋಗಿದ್ದಳು. ಆ ಸ್ಥಿತಿಯಲ್ಲಿ ಆ ಭಾರ ಎಳೆದಳಲ್ಲ ಅಂತ ಈಗ ನೆನಪಾದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ಅವತ್ತು ಮಾತ್ರ "ಒಳ್ಳೆದಾಯ್ತು" ಅನ್ನಿಸಿತ್ತು. ಸುಳ್ಳು ಯಾಕೆ ಬರೀಲಿ.

ಹೊಲಕ್ಕೆ ಹೋದ ಮೇಲೆ ಉಪ್ಪಿನಕಾಯಿ ಮರೆತು ಬಂದಿದ್ದು ನೆನಪಾಯ್ತು. ತಮ್ಮನ ಬೈಕ್ ಮೇಲೆ ನಾನು ವಾಪಸ್ ಬಂದೆ. ಬಚ್ಚಲಮನೆ ಕದ ಅರ್ಧ ತೆರೆದಿತ್ತು. ಮನೆಯಲ್ಲಿ ಯಾರೂ ಇಲ್ಲ ಅಂತ ಆಯಿ ನಿಶ್ಚಿಂತೆಯಿಂದ ಕುಕ್ಕರಗಾಲಲ್ಲಿ ಕೂತು ತೊಳೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಹಳೇ ಸೀರೆಯ ತುಂಡುಗಳು, ಒಂದರ ಮೇಲೆ ರಕ್ತದ ಕಲೆ. ಅವಳ ತೊಡೆಗಳ ನಡುವೆ ಮುಷ್ಟಿಯಷ್ಟು ದೊಡ್ಡದು ಕೆಂಪಗೆ ಏನೋ ಜೋತುಬಿದ್ದಿತ್ತು. ನಾನು ಗಡ್ಡೆ ಅಂದುಕೊಂಡೆ, ಕ್ಯಾನ್ಸರ್ ಅಂದುಕೊಂಡೆ, ಕಿರುಚಿದೆ ಅಂತ ಕಾಣುತ್ತೆ.

"ಕದಾ ಹಾಕು" ಅಂದಳು. ಅಷ್ಟೇ. ಆಮೇಲೆ, "ಯಾರಿಗೂ ಹೇಳಬ್ಯಾಡ. ನಿಮ್ಮವ್ವಗೂ."

"ಎಷ್ಟು ದಿನ ಆಯ್ತು ಆಯಿ?"

"ದಿನ ಏನ್ ಕೇಳ್ತಿ... ನಿಮ್ಮ ಕಾಕಾ ಹುಟ್ಟಿದಾಗಿಂದ."

ಕಾಕಾನಿಗೆ ಮೊಮ್ಮಕ್ಕಳಿದ್ದಾರೆ.

ಅವಳ ಲೆಕ್ಕ ಹೀಗೆ. 1948ರಲ್ಲಿ ರಜಾಕಾರರ ಗದ್ದಲ ಆದಾಗ ಅವಳು ಹಾಲು ಕುಡಿಯುವ ಕೂಸು. ಏಳು ಹೆರಿಗೆ, ಎಲ್ಲವೂ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಉಳಿದದ್ದು ಐದು ಮಕ್ಕಳು. ಕಾಕಾ ಹುಟ್ಟಿದ್ದು 1972ರ ಬರಗಾಲದಲ್ಲಿ. ಕಾಮಗಾರಿ ತೆಗೆದಿದ್ದರು, ರಸ್ತೆಗೆ ಕಲ್ಲು ಒಡೆಯೋದು, ಬುಟ್ಟಿ ಹೊರೋದು. ಹೆತ್ತು ಇಪ್ಪತ್ತೊಂದನೇ ದಿನಕ್ಕೆ ಆಯಿ ಕಲ್ಲಿನ ಬುಟ್ಟಿ ಹೊತ್ತಳು, ಇಲ್ಲದಿದ್ದರೆ ಜೋಳ ಸಿಗ್ತಿರಲಿಲ್ಲ. ಒಂದು ದಿನ ಬುಟ್ಟಿ ಎತ್ತಿ ನಿಂತಾಗ ಕೆಳಗೆ ಏನೋ ಇಳಿದ ಹಾಗಾಯ್ತಂತೆ. ರಾತ್ರಿ ಮಲಗಿದಾಗ ತಾನೇ ಒಳಗೆ ಹೋಯ್ತು. ಎಷ್ಟೋ ವರ್ಷ ಹಾಗೇ ಹಗಲು ಇಳಿಯೋದು, ರಾತ್ರಿ ಏರೋದು. ಮುಟ್ಟು ನಿಂತ ಮೇಲೆ ಒಳಗೆ ಹೋಗೋದೇ ನಿಂತುಹೋಯ್ತು. ಮುತ್ಯಾ ಇದ್ದಷ್ಟು ದಿನ ಅವರಿಗೆ ಗೊತ್ತಿತ್ತಾ ಅಂತ ನಾನು ಕೇಳಲಿಲ್ಲ.

ಆ ಕಾಯಿಲೆಗೆ ಆಯಿ ಹೆಸರೇ ಹೇಳಲಿಲ್ಲ, ಪೂರ್ತಿ "ಅದು" ಅಂತಲೇ ಹೇಳಿದಳು. ವೈದ್ಯರು ಗರ್ಭಕೋಶ ಜಾರುವುದು ಅಂತಾರೆ. ಗರ್ಭಕೋಶ, ಮೂತ್ರಕೋಶ, ಮಲದ ಕರುಳು ಇವೆಲ್ಲ ಹೊಟ್ಟೆಯ ಕೆಳಗೆ ಒಂದು ಜೋಳಿಗೆಯಂಥ ಸ್ನಾಯುಗಳ ಮೇಲೆ ಕೂತಿರುತ್ತವೆ. ಮೇಲೆ ಮೇಲೆ ಹೆರಿಗೆ, ಹೆತ್ತ ಕೂಡಲೇ ಭಾರ ಎತ್ತೋದು, ಒಲೆಯ ಹೊಗೆಯಿಂದ ವರ್ಷಾನುಗಟ್ಟಲೆ ಕೆಮ್ಮು, ಮಲಬದ್ಧತೆ, ಇವುಗಳಿಂದ ಆ ಜೋಳಿಗೆ ಸಡಿಲವಾಗುತ್ತೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಅಲ್ಲಿನ ಚರ್ಮ, ಪದರ ಎಲ್ಲ ತೆಳುವಾಗಿ ಒಣಗುತ್ತವೆ. ಇಪ್ಪತ್ತನಾಲ್ಕರಲ್ಲಿ ಸಡಿಲವಾದದ್ದು ಐವತ್ತರ ಮೇಲೆ ಪೂರ್ತಿ ಹೊರಗೆ ಬರೋದು ಇದಕ್ಕೇ. ಇದೇನು ಹೊಸ ಕಾಯಿಲೆ ಅಲ್ಲ. ಚರಕ ಸಂಹಿತೆಯಲ್ಲೇ ಹೆಂಗಸರ ಇಂಥ ತೊಂದರೆಗಳನ್ನು ಇಪ್ಪತ್ತು ಬಗೆಯಾಗಿ ಎಣಿಸಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಒಂದೂ ಬಗೆ ಎಣಿಸಿರಲಿಲ್ಲ.

ಅವ್ವನಿಗೆ ಅವತ್ತು ರಾತ್ರಿಯೇ ಹೇಳಿದೆ (ಆಯಿಗೆ ಕೊಟ್ಟ ಮಾತು ಮೀರಿ). ಅವ್ವ ಬೈತಾಳೆ ಅಂದುಕೊಂಡಿದ್ದೆ. ಅವಳು ಹೆದರಿದಳು.

"ದವಾಖಾನಿಗೆ ಒಯ್ಯಬ್ಯಾಡ. ಒಯ್ದರ ತೆಗೀತಾರ. ನಂದು ತೆಗದಾಂಗ."

ಇಲ್ಲಿ ಅವ್ವನ ಕಥೆ ಹೇಳಬೇಕು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವ್ವನಿಗೆ ಗರ್ಭಕೋಶ ತೆಗೆದರು. ಅವಳಿಗೆ ಆಗ ಮೂವತ್ತಮೂರು. ಬಿಳಿ ಹೋಗುತ್ತಿತ್ತು, ಸೊಂಟ ನೋಯುತ್ತಿತ್ತು, ಅಷ್ಟೇ. ಒಂದು ಖಾಸಗಿ ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿ "ಗರ್ಭಚೀಲ ಕೊಳೆತದ, ಹಂಗೇ ಬಿಟ್ರ ಕ್ಯಾನ್ಸರ್ ಆಗ್ತದ, ಮಕ್ಕಳಂತೂ ಆಗ್ಯಾವಲ್ಲ, ಇನ್ನ ಇಟ್ಕೊಂಡು ಏನ್ ಮಾಡ್ತಿ" ಅಂದರು. ಎಮ್ಮೆ ಮಾರಿದೆವು. ಅಂಡಾಶಯಗಳನ್ನೂ ಜೊತೆಗೇ ತೆಗೆದಿದ್ದರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ ಒಂದು ಚೀಟಿಯೂ ನಮ್ಮ ಹತ್ತಿರ ಇಲ್ಲ. ಆವತ್ತಿನಿಂದ ಮೈಯೆಲ್ಲ ಬೆಂಕಿ ಬಂದ ಹಾಗೆ ಬೆವರೋದು, ನಿದ್ದೆ ಇಲ್ಲ. ನಲವತ್ತೈದಕ್ಕೆ ಅಂಗಳದಲ್ಲಿ ಜಾರಿ ಬಿದ್ದದ್ದಕ್ಕೇ ಮಣಿಕಟ್ಟು ಮುರೀತು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ತೆಗೆದರೆ ಮೂಳೆ ಬೇಗ ಸವೆಯುತ್ತೆ, ಹೃದಯಕ್ಕೂ ತೊಂದರೆ ಅನ್ನೋದು ವೈದ್ಯರಿಗೆ ಗೊತ್ತಿಲ್ಲದ ವಿಷಯವಲ್ಲ.

ಇದು ನಮ್ಮವ್ವ ಒಬ್ಬಳ ಕಥೆಯಾಗಿದ್ದರೆ ದುರದೃಷ್ಟ ಅನ್ನಬಹುದಿತ್ತು. 2015ರಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಸುದ್ದಿ ಬಂದಾಗ ಪತ್ರಿಕೆ ಹಿಡಿದುಕೊಂಡು ಅವ್ವ ಬಹಳ ಹೊತ್ತು ಕೂತಿದ್ದಳು. ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು, ಕೂಲಿಗೆ ಹೋಗುವವರು, ನಲವತ್ತೂ ದಾಟದವರು. ಹೊಟ್ಟೆನೋವು, ಬಿಳಿ ಹೋಗೋದು ಅಂತ ಖಾಸಗಿ ಆಸ್ಪತ್ರೆಗೆ ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹಾಕಿ ಗರ್ಭಕೋಶ ತೆಗೆದಿದ್ದರು. ಮಹಿಳಾ ಸಂಘಟನೆಗಳು, ಜನಾರೋಗ್ಯ ಚಳವಳಿಯವರು ತಾಂಡಾ ತಾಂಡಾ ತಿರುಗಿ ದಾಖಲೆ ಮಾಡಿದರು, ಸರ್ಕಾರ ತನಿಖೆ ಮಾಡಿಸಿತು. 2017ರಲ್ಲೂ ಆ ಹೆಂಗಸರು ನ್ಯಾಯ ಕೇಳಿಕೊಂಡು ಕಲಬುರಗಿಯಲ್ಲಿ ಬೀದಿಗಿಳಿದಿದ್ದರು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ಪ್ರಕರಣಗಳ ಮೇಲೆ ಡಾ. ನರೇಂದ್ರ ಗುಪ್ತಾ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಅಂತ ಹೇಳಿತು.

ಹಾಗಾಗಿ ಅವ್ವನ ಹೆದರಿಕೆಯನ್ನು "ಮೂಢನಂಬಿಕೆ" ಅಂತ ತಳ್ಳಿಹಾಕೋಕೆ ನನ್ನ ಹತ್ತಿರ ಮುಖ ಇರಲಿಲ್ಲ. ಒಂದೇ ಮನೆ. ಸೊಸೆಗೆ ತೆಗೆಯಬಾರದ್ದನ್ನು ತೆಗೆದರು, ಅತ್ತೆಗೆ ಏನಾಗಿದೆ ಅಂತ ಐವತ್ತು ವರ್ಷ ಯಾರೂ ಕೇಳಲಿಲ್ಲ.

ಮೂರು ದಿನ ವಾದ ನಡೀತು. ಕೊನೆಗೆ ಆ ಬಟ್ಟೆಯ ಮೇಲಿನ ರಕ್ತವೇ ಅವ್ವನನ್ನು ಒಪ್ಪಿಸಿತು. ಯಾಕೆ ಅಂದರೆ ನಮ್ಮ ಓಣಿಯಲ್ಲಿ ಇನ್ನೊಬ್ಬ ದೊಡ್ಡಾಯಿ ಇದ್ದರು. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಆದ ಮೇಲೆ ಅವರಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಓಣಿಯ ಹೆಂಗಸರು "ಮುದುಕಿಗೆ ಮತ್ತ ಹರೇ ಬಂದದ" ಅಂತ ನಕ್ಕರು. ಅವರೂ ನಕ್ಕರು. ಒಂದು ವರ್ಷ ಹಾಗೇ ಹೋಯ್ತು. ಆಮೇಲೆ ಕಲಬುರಗಿಗೆ ಕರೆದುಕೊಂಡು ಹೋದಾಗ ಗರ್ಭಕೋಶದ ಕಂಠದ ಕ್ಯಾನ್ಸರ್, ಆಸುಪಾಸಿಗೆಲ್ಲ ಹಬ್ಬಿದೆ ಅಂದರು. ಎಂಟು ತಿಂಗಳು ಬದುಕಿದ್ದರು.

ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಮುಟ್ಟಲ್ಲ, ತೋರಿಸಲೇಬೇಕು. ಎಷ್ಟೋ ಸಲ ಅದು ಬರೀ ಒಣಗಿದ ಚರ್ಮದ ಗಾಯವೇ ಆಗಿರುತ್ತೆ, ಆದರೆ ನೋಡದೆ ಹೇಳೋಕೆ ಬರೋದಿಲ್ಲ. ಆ ಕ್ಯಾನ್ಸರ್ ಬಹುಪಾಲು ಎಚ್‌ಪಿವಿ ಅನ್ನೋ ವೈರಸ್ಸಿನಿಂದ ಬರುವಂಥದ್ದು, ವರ್ಷಾನುಗಟ್ಟಲೆ ನಿಧಾನಕ್ಕೆ ಬೆಳೆಯುತ್ತೆ. ಮೊದಲೇ ಕಂಡುಹಿಡಿಯೋಕೆ ಸರ್ಕಾರಿ ಕಾರ್ಯಕ್ರಮದಲ್ಲಿ ಮೂವತ್ತರಿಂದ ಅರವತ್ತೈದು ವಯಸ್ಸಿನವರಿಗೆ ಅಸಿಟಿಕ್ ಆಮ್ಲ (ನಮ್ಮ ವಿನೆಗರಿನಲ್ಲಿರೋದೇ) ಹಚ್ಚಿ ನೋಡುವ ಸಾದಾ ಪರೀಕ್ಷೆ ಇದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಇಂಥ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ 1.9 ಮಂದಿ. ಆ ಸಮೀಕ್ಷೆ ಇಂಥ ಪ್ರಶ್ನೆ ಕೇಳೋದೇ ನಲವತ್ತೊಂಬತ್ತು ವಯಸ್ಸಿನ ತನಕದ ಹೆಂಗಸರನ್ನು. ನಮ್ಮ ಆಯಿ, ಆ ದೊಡ್ಡಾಯಿ ಅದರ ಲೆಕ್ಕಕ್ಕೇ ಬರೋದಿಲ್ಲ.

ಸರಿ, ಆಯಿಯನ್ನು ಕರೆದುಕೊಂಡು ಹೊರಟೆವು. ಮೊದಲು ಹೋದ ಕಡೆ ಎರಡು ನಿಮಿಷದಲ್ಲಿ ಮುಗೀತು. ಆಯಿಯನ್ನು ಮೇಜಿನ ಮೇಲೆ ಮಲಗಿಸಲೂ ಇಲ್ಲ. "ತೆಗೆದುಬಿಡೋಣ, ಸೋಮವಾರ ಅಡ್ಮಿಟ್ ಆಗಿ" ಅಂದರು, ದುಡ್ಡಿನ ಲೆಕ್ಕ ಹೊರಗೆ ಕೌಂಟರಿನಲ್ಲಿ ಹೇಳಿದರು. ಅವ್ವ ನನ್ನ ಮುಖ ನೋಡಿದಳು. ಒಂದು ಮಾತು ಇಲ್ಲಿ ಸ್ಪಷ್ಟ ಮಾಡಬೇಕು. ಪೂರ್ತಿ ಜಾರಿದ ಗರ್ಭಕೋಶಕ್ಕೆ ಆಪರೇಷನ್ ತಪ್ಪು ಚಿಕಿತ್ಸೆಯಲ್ಲ. ಎಷ್ಟೋ ಜನರಿಗೆ ಅದೇ ಸರಿ, ಅವ್ವನಿಗೆ ಮಾಡಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೆ ಆಯಿಗೆ ಬೀಪಿ ಇದೆ, ಶುಗರ್ ಇದೆ, ಹೃದಯ ದುರ್ಬಲ ಅಂತ ಹಿಂದೆಯೇ ಹೇಳಿದ್ದರು. ಅದನ್ನೊಂದೂ ಕೇಳದೆ ಸೋಮವಾರ ಅಂದರೆ ಹೇಗೆ?

ಆಮೇಲೆ ಹೋಗಿದ್ದು ಸರ್ಕಾರಿ ದವಾಖಾನೆಗೆ. ಎರಡು ತಾಸು ಸಾಲಿನಲ್ಲಿ ನಿಂತೆವು. ಸುತ್ತ ಎಲ್ಲ ಬಸುರಿಯರು, ಹಸುಗೂಸಿನವರು. ಆಯಿ ಸೆರಗು ಮುಖಕ್ಕೆಳೆದುಕೊಂಡು "ನಡಿ ಮನಿಗಿ ಹೋಗಮು, ಇಲ್ಲಿ ಮುದುಕಿದು ಏನ್ ಕೆಲಸ" ಅಂತ ನಾಲ್ಕು ಸಲ ಎದ್ದಳು. ಒಳಗೆ ಸಣ್ಣ ವಯಸ್ಸಿನ ಡಾಕ್ಟರಮ್ಮ, ನಮ್ಮ ಕಡೆಯ ಮಾತಿನವರೇ. ಪರದೆ ಎಳೆದು, ನರ್ಸ್‌ಗೆ ಬಾಗಿಲು ಹಾಕೋಕೆ ಹೇಳಿ, ಆಯಿಯ ಕೈ ಹಿಡಿದುಕೊಂಡು ಕೇಳಿದರು, "ಆಯಿ, ಉಚ್ಚಿ ಹೊಯ್ಯಾಕ ತ್ರಾಸ್ ಆಗ್ತದೇನ್ರಿ?"

"ಕೈಲೆ ಮ್ಯಾಲ ಒತ್ತಿ ಹಿಡ್ಕೊಂಡು ಹೊಯ್ತೀನವ್ವಾ. ಇಲ್ಲಂದ್ರ ಬರಂಗಿಲ್ಲ."

ಪರದೆಯ ಈಚೆ ನಾನು ನಿಂತಿದ್ದೆ. ಜೋತುಬಿದ್ದ ಗರ್ಭಕೋಶದ ಜೊತೆ ಮೂತ್ರಕೋಶವೂ ಇಳಿದು ಮೂತ್ರದ ದಾರಿ ಮಡಚಿಕೊಳ್ಳುತ್ತಂತೆ. ಪೂರ್ತಿ ಖಾಲಿಯಾಗೋದಿಲ್ಲ, ಉಳಿದದ್ದು ಸೋಂಕಾಗುತ್ತೆ, ತೊಟ್ಟಿಕ್ಕುತ್ತೆ. ನಾನು ಗೊಣಗಿದ್ದ ವಾಸನೆ ಅದು.

ರಕ್ತ ಬರುತ್ತಿದ್ದದ್ದು ಒಂದು ಗಾಯದಿಂದ. ಹೊರಗೆ ಬಂದ ಭಾಗ ಬಟ್ಟೆಗೆ, ತೊಡೆಗೆ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಅದರಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು (ಚೀಟಿ ಕೊಟ್ಟರು! ಅವ್ವ ಅದನ್ನು ಮಡಚಿ ಇಟ್ಟುಕೊಂಡಳು). ಕ್ಯಾನ್ಸರ್ ಇಲ್ಲ ಅಂತ ಬಂತು. ಒಂದು ವಾರ ಅಲ್ಲೇ ಇಟ್ಟುಕೊಂಡು, ಎಲ್ಲವನ್ನೂ ಮೇಲೆ ಕೂರಿಸಿ, ಹಳದಿ ಔಷಧಿಯಲ್ಲಿ ಅದ್ದಿದ ಪಟ್ಟಿ ಒಳಗಿಟ್ಟು ಹುಣ್ಣು ಮಾಯಿಸಿದರು. ಶುಗರ್ ಹತೋಟಿಗೆ ತಂದರು, ಮೂತ್ರದ ಸೋಂಕಿಗೆ ಮಾತ್ರೆ, ಒಣಗಿದ ಚರ್ಮಕ್ಕೆ ಹಚ್ಚೋಕೆ ಈಸ್ಟ್ರೋಜನ್ ಮುಲಾಮು. ಆಪರೇಷನ್ ಬಗ್ಗೆಯೂ ಹೇಳಿದರು, ಹೃದಯದ ಡಾಕ್ಟರು ಒಪ್ಪಿದರೆ ಮಾಡಬಹುದು, ಇಲ್ಲದಿದ್ದರೆ ರಿಂಗ್ ಹಾಕಿ ನೋಡೋಣ, ಆಯಿಗೆ ಏನು ಬೇಕು ಅಂತ ಕೇಳಿ ಅಂದರು. ಆಯಿಗೆ ಏನು ಬೇಕು ಅಂತ ಅಲ್ಲಿಯ ತನಕ ನಮಗ್ಯಾರಿಗೂ ಕೇಳಬೇಕು ಅನ್ನಿಸಿರಲಿಲ್ಲ.

"ಕತ್ರಿ ಬ್ಯಾಡ" ಅಂದಳು ಆಯಿ.

ಆ ರಿಂಗ್ ನೋಡೋಕೆ ಮಗುವಿನ ಕೈಗೆ ಹಾಕುವ ದಪ್ಪ ಬಳೆಯ ಥರ. ಪೆಸರಿ ಅಂತಾರೆ. ಬಗ್ಗಿಸಿ ಒಳಗೆ ತೂರಿಸಿದರೆ ಅಲ್ಲಿ ಮತ್ತೆ ದುಂಡಗಾಗಿ ಗರ್ಭಕೋಶವನ್ನು ಮೇಲೆ ಎತ್ತಿ ಹಿಡಿಯುತ್ತೆ. ಗ್ರೀಕರ ಕಾಲದಲ್ಲಿ ಇದೇ ಕೆಲಸಕ್ಕೆ ಅರ್ಧ ದಾಳಿಂಬೆ ಹಣ್ಣು ಇಡುತ್ತಿದ್ದರಂತೆ. ಈಗ ರಬ್ಬರ್, ಪ್ಲಾಸ್ಟಿಕ್, ಸಿಲಿಕೋನ್. ಬಳೆ ಅಂಗಡಿಯ ಹಾಗೇ ಅಳತೆ ನೋಡಿ ಹಾಕಬೇಕು. ಹಾಕಿದ ಮೇಲೆ ಡಾಕ್ಟರಮ್ಮ "ಕೆಮ್ರಿ ಆಯಿ... ಈಗ ನಡೀರಿ... ಹೋಗಿ ಉಚ್ಚಿ ಹೊಯ್ದು ಬರ್ರಿ" ಅಂದರು. ಮೊದಲನೇ ಅಳತೆಯದ್ದು ಪಾಯಿಖಾನೆಯಲ್ಲೇ ಟಪ್ ಅಂತ ಬಿತ್ತು. ಆಯಿ ಹೊರಗೆ ಬಂದು "ಬಳಿ ಸಡ್ಲ ಆಯ್ತು ಬಾಯಿ" ಅಂದಾಗ ನರ್ಸ್ ಕೂಡ ನಕ್ಕುಬಿಟ್ಟರು. ಎರಡನೇದು ಕೂತಿತು.

ಅವತ್ತಿನಿಂದ ಮನೆಯಲ್ಲಿ ಅದರ ಹೆಸರು ಬಳಿ.

ಮೂರು ತಿಂಗಳಿಗೊಮ್ಮೆ ಹೋಗಿ ತೆಗೆಸಿ, ತೊಳೆಸಿ, ಒಳಗೆ ಗಾಯ ಆಗಿದೆಯಾ ನೋಡಿಸಿಕೊಂಡು ಬರಬೇಕು. ಇದನ್ನು ಮರೆಯೋ ಹಾಗಿಲ್ಲ. ಹಾಕಿಸಿಕೊಂಡು ವರ್ಷಾನುಗಟ್ಟಲೆ ಬಿಟ್ಟರೆ ಅದೇ ಒತ್ತಿ ಹುಣ್ಣಾಗಿ ಮಾಂಸದೊಳಗೆ ಹೂತುಹೋಗಬಹುದು ಅಂತ ಡಾಕ್ಟರಮ್ಮ ಎರಡೆರಡು ಸಲ ಹೇಳಿದರು. ನಾನು ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ, ಅವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಬಳೆಯ ಚಿತ್ರ ಬರೆದಿದ್ದಾಳೆ. ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡುವ ವ್ಯಾಯಾಮ ಇದೆಯಲ್ಲ, ಅದು ಆಗತಾನೇ ಇಳಿಯೋಕೆ ಶುರುವಾದವರಿಗೆ ಒಳ್ಳೆದು, ಆಯಿಯಷ್ಟು ಮುಂದೆ ಹೋದವರಿಗೆ ಅದೊಂದರಿಂದಲೇ ಆಗೋದಿಲ್ಲ ಅಂದರು. 1972ರಲ್ಲಿ ಯಾರಾದರೂ ಹೇಳಿದ್ದರೆ...

ಊರಿಂದ ಬೆಂಗಳೂರಿಗೆ ವಾಪಸ್ ಬರುವ ರೈಲಿನಲ್ಲಿ ಇದರ ಬಗ್ಗೆ ಓದುತ್ತಾ ಕೂತೆ. ಗಡಚಿರೋಲಿಯ ಡಾ. ರಾಣಿ ಬಂಗ್ ಮತ್ತು ಅಭಯ್ ಬಂಗ್ ಅವರ ಅಧ್ಯಯನ ಸಿಕ್ಕಿತು, 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷೆ ಮಾಡಿ ನೋಡಿದರೆ ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೆ ಮೊದಲು ಒಮ್ಮೆಯಾದರೂ ಅಂಥ ಪರೀಕ್ಷೆ ಆಗಿದ್ದವರು ನೂರಕ್ಕೆ ಎಂಟೇ ಮಂದಿ. ಅಷ್ಟು ಹಳೇ ಲೆಕ್ಕವನ್ನು ಇವತ್ತಿಗೆ ಹಾಗೇ ಹಚ್ಚೋಕೆ ಬರೋದಿಲ್ಲ, ನಿಜ. ಆದರೆ ಯಾರೋ ಮನೆ ಬಾಗಿಲಿಗೆ ಹೋಗಿ ಕೇಳಿದ್ದಕ್ಕೇ ಆ ಹೆಂಗಸರು ಹೇಳಿದ್ದು. ನೇಪಾಳದಲ್ಲಿ ಇದೇ ಗರ್ಭಕೋಶ ಜಾರುವ ಕಾಯಿಲೆ ಎಷ್ಟು ದೊಡ್ಡದಾಯ್ತು ಅಂದರೆ 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಹೆಂಗಸರ ಹಕ್ಕಿನ ಪ್ರಶ್ನೆ ಅಂತಲೇ ತೀರ್ಪು ಕೊಟ್ಟಿತು. ನಮ್ಮಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರ್ತಾಳೆ, ಬಸುರಿ ಎಷ್ಟು, ಬಾಣಂತಿ ಎಷ್ಟು, ಲಸಿಕೆ ಎಷ್ಟು ಅಂತ ಬರೆದುಕೊಳ್ತಾಳೆ. ಪಾಪ, ಅವಳ ತಪ್ಪಲ್ಲ, ಅವಳ ಪುಸ್ತಕದಲ್ಲಿ ಅವೇ ಕಾಲಂಗಳು. ಆಯಿ ಅವಳಿಗೆ ಚಹಾ ಮಾಡಿಕೊಟ್ಟು ಕಳಿಸುತ್ತಿದ್ದಳು, ಅಷ್ಟೇ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಹೊರಸು ಪಡಸಾಲೆಗೆ ವಾಪಸ್ ಬಂದಿದೆ. ಇದನ್ನು ಮಾಡಿಸೋಕೆ ನಾನು ಬಹಳ ಕಷ್ಟಪಟ್ಟೆ, "ಅಲ್ಲೇ ಛಲೋ ಅದ, ಗಾಳಿ ಬರ್ತದ" ಅಂತ ಎರಡು ತಿಂಗಳು ಹಟ ಹಿಡಿದಿದ್ದಳು. ನಾನು ಆಡಿದ ಮಾತಿಗೆ ತಪ್ಪಾಯ್ತು ಅಂದೆ. "ಯಾ ಮಾತು?" ಅಂದಳು. ಕಿವಿ ಮಂದ ಅಂತ ಆಗ ಮಾತ್ರ ನೆನಪಾಯ್ತು ಅವಳಿಗೆ.

ಸಂಜೆ ಕಟ್ಟೆಯ ಮೇಲೆ ಆಯಿಯ ಗೆಳತಿಯರು ಕೂತಿದ್ದರು. ನಾನು ಚಹಾ ಕೊಡೋಕೆ ಹೋದಾಗ ಎಲ್ಲರೂ ಸುಮ್ಮನಾದರು. ಚಹಾ ಮುಗಿಸಿ ಒಬ್ಬೊಬ್ಬರೇ ಎದ್ದು ಹೋದರು. ಒಬ್ಬರು ಮಾತ್ರ ಉಳಿದರು, ಎಪ್ಪತ್ತರ ಮೇಲಿನವರು, ಸೊಂಟ ಬಗ್ಗಿದೆ, ಈಗಲೂ ಸೋಯಾ ರಾಶಿಗೆ ಕೂಲಿಗೆ ಹೋಗ್ತಾರೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನನ್ನು ಹತ್ತಿರ ಕರೆದು, ಅತ್ತಿತ್ತ ನೋಡಿ ಕೇಳಿದರು.

"ಯವ್ವಾ, ನಿಮ್ಮ ಆಯಿಗಿ ಹಾಕಿಸಿದ್ದಿ ಅಂತಲ್ಲ, ಆ ಬಳಿ... ಅದು ಎಲ್ಲಿ ಸಿಗ್ತದ?"

ಅಂಗಡಿಯಲ್ಲಿ ತಂದು ಹಾಕಿಕೊಳ್ಳುವಂಥದ್ದಲ್ಲ ಅದು, ಡಾಕ್ಟರು ನೋಡಿ ಹಾಕಬೇಕು ಅಂದೆ. ಮುಖ ಸಪ್ಪಗಾಯ್ತು. ಆಯಿ ಒಳಗಿಂದಲೇ ಕೂಗಿದಳು, "ಮಂಗಳವಾರ ನಂದು ತೊಳಸಾಕ ಹೋಗೋದದ. ಆಟೋದಾಗ ಜಾಗಾ ಅದ, ಬಾ."